ಶಿಕ್ಷೆ ಮೊದಲು, ಕಾನೂನು ಆಮೇಲೆ

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಿಂದ ಯಾರನ್ನಾದರೂ ಅಡ್ಮಿನ್ ತೆಗೆದುಹಾಕಿದ ದಿನ ಏನಾಗುತ್ತೆ ನೋಡಿದ್ದೀರಲ್ಲ? ‘ಯಾವ ರೂಲ್ ಪ್ರಕಾರ ತೆಗೆದ್ರಿ?’ ಅಂತ ಒಬ್ಬರು. ‘ಅವರು ಬರೆದಿದ್ದು ಮಾತ್ರ ಸರೀನಾ?’ ಅಂತ ಇನ್ನೊಬ್ಬರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಈ ಎರಡರ ನಡುವೆ ಸಿಕ್ಕಿಹಾಕಿಕೊಂಡ ಒಂದು ಊರಿನ ಕತೆಯನ್ನು ಜೂಲಿಯನ್ ಡಿಬೆಲ್ 1993ರಲ್ಲೇ ಬರೆದಿದ್ದ, ನ್ಯೂಯಾರ್ಕಿನ ‘ದಿ ವಿಲೇಜ್ ವಾಯ್ಸ್’ ವಾರಪತ್ರಿಕೆಯಲ್ಲಿ. ಪ್ರಬಂಧದ ಹೆಸರು ‘ಎ ರೇಪ್ ಇನ್ ಸೈಬರ್‌ಸ್ಪೇಸ್’. ಇಂಟರ್‌ನೆಟ್ಟು, ಕಾನೂನು ಅಂತ ಮಾತು ಬಂದಲ್ಲೆಲ್ಲ ಅದರ ಹೆಸರು ಬರುತ್ತೆ. ಆದರೆ ಹೆಚ್ಚಿನವರು ಅದರಲ್ಲಿನ ಅಪರಾಧವನ್ನು ನೆನಪಿಟ್ಟುಕೊಂಡು ಶಿಕ್ಷೆಯನ್ನು ಮರೆತುಬಿಡುತ್ತಾರೆ ಅನ್ನೋದು ನನ್ನ ತಕರಾರು.

ಊರಿನ ಹೆಸರು ಲ್ಯಾಂಬ್ಡಾಮೂ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದ ಒಂದು ಕಂಪ್ಯೂಟರಿನೊಳಗೆ ಪಾವೆಲ್ ಕರ್ಟಿಸ್ ಎಂಬಾತ ಕಟ್ಟಿದ್ದು. ಚಿತ್ರವಿಲ್ಲ, ದನಿಯಿಲ್ಲ, ಬರೀ ಅಕ್ಷರ. ಒಂದು ದೊಡ್ಡ ಮನೆ, ಕೋಣೆಗಳು, ಎಲ್ಲೆಲ್ಲಿಂದಲೋ ಲಾಗಿನ್ ಆಗಿ ಬೇರೆ ಬೇರೆ ಹೆಸರಲ್ಲಿ ಅಲ್ಲಿ ಓಡಾಡುವ ಜನ. 1993ರ ಮಾರ್ಚ್ ತಿಂಗಳ ಒಂದು ರಾತ್ರಿ ಆ ಮನೆಯ ಹಾಲ್‌ನಲ್ಲಿ ಮಿಸ್ಟರ್ ಬಂಗಲ್ ಅನ್ನೋ ಪಾತ್ರ ‘ವೂಡೂ ಗೊಂಬೆ’ ಎಂಬ ಸಣ್ಣ ಪ್ರೋಗ್ರಾಮ್ ಓಡಿಸಿತು. ನಮ್ಮ ಕಡೆಯ ಮಾಟದ ಗೊಂಬೆ ಇದ್ದ ಹಾಗೆ. ಬೇರೆಯವರ ಪಾತ್ರ ಏನೋ ಮಾಡುತ್ತಿದೆ ಅಂತ ಇವನು ಟೈಪ್ ಮಾಡಿದರೆ, ಅವರೇ ಅದನ್ನು ಮಾಡಿದ ಹಾಗೆ ಎಲ್ಲರ ಸ್ಕ್ರೀನಿನ ಮೇಲೂ ಮೂಡುತ್ತೆ. ಹಾಗೆ ಲೆಗ್ಬಾ ಎಂಬ ಪಾತ್ರದ ಮೇಲೆ, ಮತ್ತೂ ಕೆಲವರ ಮೇಲೆ, ಎಲ್ಲರೆದುರು ಲೈಂಗಿಕ ಹಿಂಸೆಯನ್ನು ಬರೆಯಲಾಯಿತು. ಲೆಗ್ಬಾ ಹಿಂದಿದ್ದ ಸಿಯಾಟಲ್‌ನ ಮಹಿಳೆ ಮರುದಿನ ದೂರು ಬರೆಯುವಾಗ ನಿಜವಾಗಿಯೂ ಅಳುತ್ತಿದ್ದಳು ಅಂತ ಡಿಬೆಲ್ ದಾಖಲಿಸುತ್ತಾನೆ. ಆಕೆ ಕೇಳಿದ್ದು ಒಂದೇ: ಬಂಗಲ್‌ನನ್ನು ‘ಟೋಡ್’ ಮಾಡಿ. ಅಂದರೆ ಕಪ್ಪೆ ಮಾಡಿ. ಹೆಸರಿಗೆ ಕಪ್ಪೆ, ಅರ್ಥ ಮಾತ್ರ ಅಕೌಂಟನ್ನೇ ಅಳಿಸಿಹಾಕೋದು.

ಆದರೆ ಅಳಿಸುವ ಬಟನ್ ಇದ್ದದ್ದು ‘ವಿಝರ್ಡ್’ಗಳ ಕೈಲಿ ಮಾತ್ರ. ವ್ಯವಸ್ಥೆ ನಡೆಸುವ ಪ್ರೋಗ್ರಾಮರ್‌ಗಳು ಇವರು. ಕೆಲವೇ ತಿಂಗಳ ಹಿಂದೆ ಕರ್ಟಿಸ್ ಘೋಷಿಸಿಬಿಟ್ಟಿದ್ದ: ಇನ್ನು ನಾವು ತಾಂತ್ರಿಕ ಕೆಲಸ ಮಾತ್ರ ನೋಡ್ಕೋತೀವಿ, ನಿಮ್ಮ ಜಗಳ ನೀವೇ ಬಗೆಹರಿಸಿಕೊಳ್ಳಿ ಅಂತ. ಅಧಿಕಾರ ಇದ್ದವರು ಕೈ ತೊಳೆದುಕೊಂಡಿದ್ದರು. ಕೈ ಇಲ್ಲದವರಿಗೆ ನ್ಯಾಯ ಬೇಕಿತ್ತು.

ಮೂವತ್ತರಷ್ಟು ಜನ ಸಭೆ ಸೇರಿದರು. ಡಿಬೆಲ್ ಕೂಡ ಅಲ್ಲಿದ್ದ. ಅವನ ಬರವಣಿಗೆ ಅತ್ಯಂತ ಜೀವಂತವಾಗಿರೋದು ಇಲ್ಲೇ. ಒಬ್ಬ ಕಾನೂನಿನ ವಿಷಯ ಎತ್ತುತ್ತಾನೆ, ಇನ್ನೊಬ್ಬ ಇದೆಲ್ಲ ಬರೀ ಮಾತು ತಾನೇ ಅನ್ನುತ್ತಾನೆ, ಮಧ್ಯದಲ್ಲಿ ಬಂಗಲ್ ತಾನೇ ಬಂದು ನಿಲ್ಲುತ್ತಾನೆ. ಕೊನೆಗೆ ಏನೂ ತೀರ್ಮಾನವಾಗದೆ ಜನ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ನಮ್ಮ ಸೊಸೈಟಿ ಮೀಟಿಂಗುಗಳಿಗೆ ಹೋದವರಿಗೆ ಇದು ಹೊಸದಲ್ಲ. ಆಮೇಲೆ ಸಭೆಯಲ್ಲಿ ಕೂತಿದ್ದ ಜೋಫೀಡ್‌ಬ್ಯಾಕ್ ಎಂಬ ವಿಝರ್ಡ್ ಯಾರಿಗೂ ಹೇಳದೆ, ಒಬ್ಬನೇ ಯೋಚಿಸಿ, ಕಮಾಂಡ್ ಟೈಪ್ ಮಾಡಿದ. ಬಂಗಲ್ ಇಲ್ಲವಾದ.

ಇಲ್ಲಿ ಡಿಬೆಲ್ ಮೆತ್ತಗಾಗಿಬಿಡುತ್ತಾನೆ. ಆ ವಿಝರ್ಡ್‌ನ ಒಂಟಿತನ ಅವನಿಗೆ ಕಂಡಷ್ಟು, ಆ ತೀರ್ಪಿನ ವಿಚಿತ್ರ ಕಾಣೋದಿಲ್ಲ. ಬಂಗಲ್ ಮಾಡಿದ್ದು ತಪ್ಪು ಅಂತ ಅದುವರೆಗೆ ಅಲ್ಲಿ ಯಾವ ನಿಯಮವೂ ಬರೆದಿರಲಿಲ್ಲ. ಶಿಕ್ಷೆ ಕೊಟ್ಟವನಿಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಮೇಲ್ಮನವಿಗೆ ಜಾಗವೇ ಇರಲಿಲ್ಲ. ಹಾಗಂತ ‘ಮೊದಲು ನಿಯಮ ಬರೆಯೋಣ, ಅಲ್ಲಿವರೆಗೆ ತಡ್ಕೊಳಮ್ಮ’ ಅಂತ ಲೆಗ್ಬಾಗೆ ಹೇಳೋಕಾಗುತ್ತಾ? ಆಗಲ್ಲ. ನಾನೇ ಆ ಕುರ್ಚಿಯಲ್ಲಿ ಕೂತಿದ್ದರೆ ಬಹುಶಃ ಅದೇ ಕಮಾಂಡ್ ಒತ್ತುತ್ತಿದ್ದೆ. ಈ ಅನುಕಂಪದಿಂದಲೇ ಪ್ರಬಂಧ ನಮ್ಮನ್ನು ಗೆಲ್ಲುತ್ತೆ. ಅದಕ್ಕೇ ನನಗೆ ಅದರ ಬಗ್ಗೆ ಗುಮಾನಿ.

ಪ್ರವಾಸದಿಂದ ವಾಪಸ್ ಬಂದ ಕರ್ಟಿಸ್ ಮನವಿ ಮತ್ತು ಮತದಾನದ ವ್ಯವಸ್ಥೆ ತಂದ. ಜನ ಗೆಲ್ಲಿಸಿದ್ದನ್ನು ವಿಝರ್ಡ್‌ಗಳು ಪಾಲಿಸಲೇಬೇಕು. ಜಗಳ ತೀರಿಸೋಕೆ ಪಂಚರೂ ಬಂದರು. ಬಂಗಲ್ ಅಂತೂ ಡಾಕ್ಟರ್ ಜೆಸ್ಟ್ ಅಂತ ಹೊಸ ಹೆಸರಲ್ಲಿ ವಾಪಸ್ ಬಂದ. ಗಡಿ ಇಲ್ಲದ ಊರಿನಿಂದ ಗಡೀಪಾರು ಮಾಡೋದಾದರೂ ಎಲ್ಲಿಗೆ? ಇನ್ನೂ ಒಂದಿದೆ. ಆ ರಾತ್ರಿ ಕೀಬೋರ್ಡ್ ಮುಂದೆ ಬಂಗಲ್ ಒಬ್ಬನೇ ಇರಲಿಲ್ಲ, ಹಾಸ್ಟೆಲಿನ ಹುಡುಗರು ಸುತ್ತ ನಿಂತು ಏನು ಟೈಪ್ ಮಾಡಬೇಕು ಅಂತ ಹೇಳಿಕೊಡುತ್ತಿದ್ದರು. ಡಿಬೆಲ್‌ನ ‘ಮೈ ಟೈನಿ ಲೈಫ್’ (1998) ಪುಸ್ತಕ ಓದಿದಾಗಲೇ ಇದು ಗೊತ್ತಾಗೋದು. ಅಳಿಸಿದ್ದು ಒಂದು ಅಕೌಂಟು, ಅಪರಾಧಿಗಳು ಎಷ್ಟು ಜನ?

1996ರ ಫೆಬ್ರವರಿಯಲ್ಲಿ ಜಾನ್ ಪೆರಿ ಬಾರ್ಲೋ ದಾವೋಸ್‌ನಲ್ಲಿ ಕೂತು ಸೈಬರ್ ಲೋಕದ ಸ್ವಾತಂತ್ರ್ಯ ಘೋಷಣೆ ಬರೆದ. ಸರ್ಕಾರಗಳೇ, ನಮಗೆ ದೇಹವಿಲ್ಲ, ನಮ್ಮ ಮೇಲೆ ಬಲಪ್ರಯೋಗ ನಡೆಯಲ್ಲ, ನಮ್ಮ ಕಾನೂನು ನಾವು ಮಾಡ್ಕೋತೀವಿ ಅನ್ನೋದು ಅದರ ಸಾರ. ದೇಹವಿಲ್ಲದ ಕಡೆಯೂ ಬಲಪ್ರಯೋಗ ನಡೆಯುತ್ತೆ ಅಂತ ಲೆಗ್ಬಾ ಮೂರು ವರ್ಷ ಮೊದಲೇ ಕಂಡಿದ್ದಳು. ಅದೇ 1996ರಲ್ಲಿ ಲ್ಯಾಂಬ್ಡಾಮೂ ವಿಝರ್ಡ್‌ಗಳು ಮತ್ತೊಂದು ಘೋಷಣೆ ಹೊರಡಿಸಿದರು. ತಾಂತ್ರಿಕ ನಿರ್ಧಾರ ಬೇರೆ, ಸಾಮಾಜಿಕ ನಿರ್ಧಾರ ಬೇರೆ ಅಂದಿದ್ದು ಆಗದ ಮಾತು, ಇನ್ನು ಮುಂದೆ ನಾವೂ ತೀರ್ಮಾನ ಮಾಡ್ತೀವಿ ಅಂತ. ಮೂರೇ ವರ್ಷದ ಸ್ವರಾಜ್ಯ.

ಇದೆಲ್ಲ ಹಳೇ ಕತೆ ಅನ್ನಿಸಿದರೆ 2021ರ ಮೇ ತಿಂಗಳು ನೆನಪಿಸಿಕೊಳ್ಳಿ. ಟ್ರಂಪ್ ಅಕೌಂಟನ್ನು ಫೇಸ್‌ಬುಕ್ ಅಮಾನತು ಮಾಡಿದ್ದು ಸರಿ ಅಂತ ಅದರದ್ದೇ ಓವರ್‌ಸೈಟ್ ಬೋರ್ಡ್ ಹೇಳಿತು. ಜೊತೆಗೆ, ಅವಧಿ ಹೇಳದೆ ಅಮಾನತು ಮಾಡುವ ಶಿಕ್ಷೆ ನಿಮ್ಮ ನಿಯಮದಲ್ಲೇ ಇಲ್ವಲ್ಲ, ಆರು ತಿಂಗಳೊಳಗೆ ಮರುಪರಿಶೀಲಿಸಿ ಅಂತಲೂ ಹೇಳಿತು. ಒಂದು ಪೋಸ್ಟು ಇರಬೇಕೋ ಬೇಡವೋ ಅನ್ನುವ ಬೋರ್ಡಿನ ತೀರ್ಪಿಗೆ ಕಂಪನಿ ಬದ್ಧ. ಆದರೆ ನಿಯಮಗಳೇ ಹೇಗಿರಬೇಕು ಅನ್ನೋದರ ಬಗ್ಗೆ ಬೋರ್ಡು ಕೊಡೋದು ಬರೀ ಸಲಹೆ. ಕರ್ಟಿಸ್ 1993ರಲ್ಲಿ ತನ್ನ ಊರಿನ ಜನಕ್ಕೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದ.