ಎಲ್ಫ್ ಎಂಬ ಮೂರು ಗಾಲಿಯ ಗಾಡಿ: ಒಂದು ವಿಮರ್ಶೆ

ಊರಿನಿಂದ ಬಂದ ಅಪ್ಪ ಅಮ್ಮಂದಿರು ಮೊದಲ ವಾರ ಮುಗಿಯುವುದರೊಳಗೆ ಕೇಳುವ ಪ್ರಶ್ನೆ ನಮ್ಮ ಬಳಗದ ಎಲ್ಲರ ಮನೆಗಳಲ್ಲೂ ಒಂದೇ: "ಇಲ್ಲಿ ನಮ್ಮಷ್ಟಕ್ಕೆ ನಾವು ಹೋಗಿಬರೋದು ಹೇಗಪ್ಪಾ?" ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಕಾರಿನ ಲೈಸೆನ್ಸ್ ಇಲ್ಲ. ಬೀದಿಯ ಕೊನೆಯಲ್ಲಿ ಆಟೋ ನಿಂತಿರುವುದಿಲ್ಲ. ಈ ಪ್ರಶ್ನೆಗೆ ಉತ್ತರವಾದೀತೇ ಎಂಬ ಆಸೆಯಿಂದ, ನಮ್ಮ ನಾರ್ತ್ ಕ್ಯಾರೊಲಿನಾದಲ್ಲೇ ಹುಟ್ಟಿದ 'ಎಲ್ಫ್' ಗಾಡಿಯ ಗುಣದೋಷಗಳನ್ನು ಅಳೆದು ನೋಡಿದ್ದೇವೆ.

ಡರ್ಹಮ್ ನಗರದ ಆರ್ಗ್ಯಾನಿಕ್ ಟ್ರಾನ್ಸಿಟ್ ಸಂಸ್ಥೆ 2013ರಲ್ಲಿ ಇದನ್ನು ಮಾರಾಟಕ್ಕೆ ತಂದಿತು. ಮುಂದೆ ಎರಡು ಗಾಲಿ, ಹಿಂದೆ ಒಂದು. ಸುತ್ತ ಮೊಟ್ಟೆಯಾಕಾರದ ಗೂಡು, ಅದರ ನೆತ್ತಿಯ ಮೇಲೆ ಸೌರಫಲಕ. ಪೆಡಲ್ ತುಳಿಯಬಹುದು, ದಣಿದರೆ ಮೋಟಾರು ಎಳೆಯುತ್ತದೆ. ಮೋಟಾರಿನ ಶಕ್ತಿ 750 ವ್ಯಾಟ್, ಅದರ ವೇಗ ಗಂಟೆಗೆ 20 ಮೈಲಿ ಮೀರದು. ಈ ಮಿತಿಗಳೊಳಗಿರುವುದರಿಂದ ಕಾನೂನಿನ ಕಣ್ಣಿಗೆ ಇದು ಸೈಕಲ್ಲೇ. ನಮ್ಮ ರಾಜ್ಯದಲ್ಲಿ ಇದಕ್ಕೆ ಲೈಸೆನ್ಸ್ ಬೇಡ.

ಮೆಚ್ಚುಗೆಯ ಮಾತು ಮೊದಲು. ತಿರುವಿನಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಹೊರಮೂಲೆಗೆ ಜರಗುತ್ತದೆ. ನಮ್ಮೂರಿನ ಆಟೋಗೆ ಆ ಮೂಲೆಯಲ್ಲಿ ಗಾಲಿಯಿಲ್ಲ, ಎಲ್ಫ್‌ಗೆ ಇದೆ. ಇನ್ನು ಬಿಸಿಲಿನ ಲೆಕ್ಕ. ಮೊದಲ ಮಾದರಿಯ ಫಲಕ ಬರೀ 60 ವ್ಯಾಟಿನದು. ಕಾರಿನ ಮೇಲೆ ಇಟ್ಟರೆ ಅದು ಆಟಿಕೆ; ಸುಮಾರು 150 ಪೌಂಡಿನ ಈ ಗಾಡಿಗೆ ಅಷ್ಟೇ ಸಾಕು. ಏಳು ಗಂಟೆ ಬಿಸಿಲು ಕುಡಿದರೆ, ತುಳಿಯದೆಯೇ ಸುಮಾರು 14 ಮೈಲಿ ಹೋಗುತ್ತದೆಂದು ತಯಾರಕರು ಹೇಳಿದ್ದರು. ಗಾಡಿ ಹಗುರಾದರೆ ಆಸೆಯೂ ಹಗುರಾಗಿ ಕೈಗೂಡುತ್ತದೆ.

ಪಕ್ಕಕ್ಕೆ ಬಾಗಿಲಿಲ್ಲ, ಓರೆ ಮಳೆಗೆ ಮೈ ನೆನೆಯುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಪೂರ್ತಿ ಮುಚ್ಚಿದ್ದರೆ ಜುಲೈ ತಿಂಗಳ ಸೆಖೆಯಲ್ಲಿ ಒಳಗೆ ಕೂತವರು ಇಡ್ಲಿಯಂತೆ ಬೇಯುತ್ತಿದ್ದರು! ಇದನ್ನು ನಾವು ದೋಷವೆನ್ನುವುದಿಲ್ಲ.

ನಿಜವಾದ ತೊಡಕು ಅಗಲದ್ದು. ಸುಮಾರು ನಾಲ್ಕು ಅಡಿ ಅಗಲದ ಗಾಡಿ ಸೈಕಲ್ ಪಥವನ್ನೆಲ್ಲ ತುಂಬಿಬಿಡುತ್ತದೆ. ಬಡಾವಣೆ ದಾಟಿದರೆ 45 ಮೈಲಿ ವೇಗದ ರಸ್ತೆ. ಅಲ್ಲಿ 20ರಲ್ಲಿ ಸಾಗುವ ಗಾಡಿಯ ಬೆನ್ನಿಗೆ ಬರುವವರೆಲ್ಲರಿಗೂ ತಾಳ್ಮೆ ಇದ್ದೀತೇ? ಅಮ್ಮನನ್ನು ಆ ರಸ್ತೆಗೆ ಕಳಿಸಲು ನಮಗಂತೂ ಧೈರ್ಯವಿಲ್ಲ. ತಪ್ಪು ಗಾಡಿಯದಲ್ಲ, ಕಾರಿಗೆಂದೇ ಹಾಸಿದ ರಸ್ತೆಯದು.

ಬೆಲೆಯ ವಿಚಾರ. ಆರಂಭದಲ್ಲಿ ಸುಮಾರು ಐದು ಸಾವಿರ ಡಾಲರ್ ಇದ್ದದ್ದು ಮುಂದೆ ಇನ್ನೂ ಏರಿತು. ಸಂಸ್ಥೆ ಈಗ ಬಾಗಿಲು ಮುಚ್ಚಿದೆ, ಸಿಕ್ಕರೆ ಹಳೆಯದೇ ಗತಿ. ಚೈನು, ಬ್ರೇಕು, ಟೈರುಗಳನ್ನು ಸೈಕಲ್ ಅಂಗಡಿಯವರು ನೋಡಿಕೊಂಡಾರು. ಗೂಡು ಒಡೆದರೆ ಕಷ್ಟ. ಬ್ಯಾಟರಿಯ ವಯಸ್ಸು ಕೇಳದೆ ದುಡ್ಡು ಕೊಡಬೇಡಿ.

ನಮ್ಮ ತೀರ್ಪು ಇಷ್ಟು: ಬಡಾವಣೆಯೊಳಗೇ ಅಂಗಡಿ, ಉದ್ಯಾನವಿರುವವರಿಗೆ ಇದು ಒಳ್ಳೆಯ ಗಾಡಿ. ಉಳಿದವರ ಅಪ್ಪ ಅಮ್ಮಂದಿರ ಪ್ರಶ್ನೆ ಹಾಗೇ ಉಳಿಯಿತು. ಅಲ್ಲಿಯವರೆಗೆ, ಭಾನುವಾರ ದೇವಸ್ಥಾನಕ್ಕೆ ಹೊರಡುವಾಗ ನಿಮ್ಮ ಕಾರಿನಲ್ಲಿ ಒಂದು ಸೀಟು ಖಾಲಿಯಿದ್ದರೆ, ಪಕ್ಕದ ಬೀದಿಯ ಕನ್ನಡಿಗರ ಮನೆಗೆ ಒಂದು ಫೋನ್ ಮಾಡಿ.