ಪ್ರಶ್ನೆಗೆ ಮುಂಚೆ ಬಂದ ಅತಿಥಿ: ಶಾಲೆಗಳಲ್ಲಿ ಧರ್ಮಪ್ರತಿನಿಧಿಗಳ ಉಪನ್ಯಾಸವನ್ನು ಕುರಿತು ಒಂದು ವಿಮರ್ಶೆ

ಇಂಗ್ಲೆಂಡಿನ ಶಾಲೆಗಳಲ್ಲಿ ಧರ್ಮಶಿಕ್ಷಣದ ತರಗತಿಗೆ ಆಯಾ ಊರಿನ ಚರ್ಚು, ಮಸೀದಿ, ಗುರುದ್ವಾರ, ಮಂದಿರಗಳಿಂದ ಯಾರಾದರೊಬ್ಬರನ್ನು ಕರೆಸಿ ಮಾತನಾಡಿಸುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಅಂತರಧರ್ಮೀಯ ಸಂವಾದದ ಮಾತು ಬಂದಾಗ ನಮ್ಮಲ್ಲಿಯೂ ಇದನ್ನು ಮೇಲ್ಪಂಕ್ತಿಯೆಂದು ತೋರಿಸುವವರಿದ್ದಾರೆ. ಅದರಲ್ಲಿ ಮೆಚ್ಚತಕ್ಕದ್ದು ಖಂಡಿತವಾಗಿಯೂ ಇದೆ. ಆದರೆ ಆ ಪದ್ಧತಿಯು ಸಾಕ್ಷಿ ಎಂಬುದನ್ನು ಹೇಗೆ ಅರ್ಥೈಸುತ್ತದೆ ಎಂಬುದನ್ನು ಪರಿಶೀಲಿಸದೆ ನಾವು ಅದನ್ನು ಅನುಕರಿಸಲಾಗದು.

ಅದರ ಹಿನ್ನೆಲೆ ಹೀಗಿದೆ. 1944ರ ಶಿಕ್ಷಣ ಕಾಯಿದೆಯು ಅಲ್ಲಿ ಧಾರ್ಮಿಕ ಬೋಧನೆಯನ್ನು ಕಡ್ಡಾಯಗೊಳಿಸಿತು. ಮಗುವನ್ನು ಆ ತರಗತಿಯಿಂದ ಹೊರಗಿಡುವ ಹಕ್ಕನ್ನು ಪೋಷಕರಿಗೆ ಉಳಿಸಿತು. ಪಠ್ಯಕ್ರಮವನ್ನು ರಚಿಸುವುದು ಕೇಂದ್ರ ಸರ್ಕಾರವಲ್ಲ, ಸ್ಥಳೀಯ ಸಮಾವೇಶ. ಅದರಲ್ಲಿ ಚರ್ಚ್ ಆಫ್ ಇಂಗ್ಲೆಂಡ್, ಇತರ ಕ್ರೈಸ್ತ ಪಂಗಡಗಳು ಮತ್ತು ಧರ್ಮಗಳು, ಶಿಕ್ಷಕರ ಸಂಘಗಳು, ಸ್ಥಳೀಯ ಆಡಳಿತ ಎಂಬ ನಾಲ್ಕು ಸಮಿತಿಗಳಿರುತ್ತವೆ. ನಾಲ್ಕೂ ಒಪ್ಪಿದರೆ ಮಾತ್ರ ಪಠ್ಯಕ್ರಮ ಅಂಗೀಕೃತವಾಗುತ್ತದೆ. 1988ರ ಕಾಯಿದೆಯು ‘ಬೋಧನೆ’ ಎಂಬ ಪದವನ್ನು ಬಿಟ್ಟು ‘ಶಿಕ್ಷಣ’ ಎಂದು ಕರೆಯಿತು. ಕ್ರೈಸ್ತ ಪರಂಪರೆಗೆ ಪ್ರಾಧಾನ್ಯವನ್ನು ಇರಿಸಿಕೊಂಡೇ ಆ ದೇಶದ ಇತರ ಮುಖ್ಯ ಧರ್ಮಗಳಿಗೂ ಪಾಠದಲ್ಲಿ ಎಡೆ ಮಾಡಿತು. ಧರ್ಮದ ವಿಷಯವನ್ನು ಊರಿನ ಜನರೇ ಕೂತು ತೀರ್ಮಾನಿಸಬೇಕೆಂಬ ಈ ಏರ್ಪಾಡು ಸಣ್ಣ ಸಾಧನೆಯಲ್ಲ. ಊರಿನ ಅತಿಥಿಗಳನ್ನು ತರಗತಿಗೆ ಕರೆಯುವ ರೂಢಿಯೂ ಇದೇ ಮಣ್ಣಿನಲ್ಲಿ ಬೆಳೆದದ್ದು.

ಹೀಗೆ ಬರುವ ಅತಿಥಿಗೆ ಸಾಮಾನ್ಯವಾಗಿ ಕೊಡುವ ಸೂಚನೆಗಳು ಪ್ರಸಿದ್ಧವಾಗಿವೆ: ಮತಪ್ರಚಾರ ಮಾಡಬಾರದು, ಮಕ್ಕಳನ್ನು ಪ್ರಾರ್ಥನೆಗೆ ಒತ್ತಾಯಿಸಬಾರದು, ‘ಸತ್ಯ ಇದು’ ಎನ್ನುವ ಬದಲು ‘ಕ್ರೈಸ್ತರು ಹೀಗೆ ನಂಬುತ್ತಾರೆ’ ಎನ್ನಬೇಕು. ಮೊದಲಿನ ಎರಡರ ಬಗ್ಗೆ ನಮಗೆ ತಕರಾರಿಲ್ಲ. ತರಗತಿಯಲ್ಲಿ ಕುಳಿತಿರುವ ಮಗು ತಾನಾಗಿ ಎದ್ದು ಹೋಗಲಾರದು. ಎದ್ದು ಹೋಗಲಾರದವರ ಮುಂದೆ ಮಾಡುವ ಆಹ್ವಾನ ಆಹ್ವಾನವಲ್ಲ. ಮೂರನೆಯ ಸೂಚನೆಯಲ್ಲಿ ಮಾತ್ರ ನಮಗೆ ತೊಡಕು ಕಾಣುತ್ತದೆ. ತನ್ನ ನಂಬಿಕೆಯನ್ನು ಪ್ರಥಮ ಪುರುಷದಲ್ಲಿ ವರದಿ ಮಾಡುವವನು ಸಾಕ್ಷಿಯಾಗಿ ಉಳಿಯುವುದಿಲ್ಲ. ತನ್ನದೇ ಸಮುದಾಯದ ಮಾರ್ಗದರ್ಶಿಯಾಗುತ್ತಾನೆ. ಅಂಥ ವರದಿಯನ್ನು ಒಳ್ಳೆಯ ಶಿಕ್ಷಕರೇ ಪುಸ್ತಕ ನೋಡಿ ಕೊಡಬಲ್ಲರು. ಅತಿಥಿಯನ್ನು ಕರೆಸಿದ್ದಾದರೂ ಏತಕ್ಕೆ?

ಈ ತೊಡಕನ್ನು ಮೊದಲೇ ಗುರುತಿಸಿದವರಲ್ಲಿ ನಮ್ಮ ದಕ್ಷಿಣ ಭಾರತ ಸಭೆಯ ಬಿಷಪರಾಗಿದ್ದ ಲೆಸ್ಲಿ ನ್ಯೂಬಿಗಿನ್ ಒಬ್ಬರು. 1974ರಲ್ಲಿ ಅವರು ಮದ್ರಾಸನ್ನು ಬಿಟ್ಟು ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ಕಾಲೇಜುಗಳಿಗೆ ಅಧ್ಯಾಪಕರಾಗಿ ಹೋದರು. ಆ ನಗರದಲ್ಲಿ ಆಗ ಹೊಸ ಪಠ್ಯಕ್ರಮದ ವಿವಾದ ಕಾವೇರಿತ್ತು. 1975ರಲ್ಲಿ ಅಂಗೀಕೃತವಾದ ಆ ಪಠ್ಯಕ್ರಮವು ಹಲವು ಧರ್ಮಗಳ ಜೊತೆಗೆ ಧರ್ಮೇತರ ಜೀವನದೃಷ್ಟಿಗಳನ್ನೂ ಪಾಠಕ್ಕೆ ತಂದಿತ್ತು. ಎಲ್ಲ ಧರ್ಮಗಳನ್ನೂ ಸಮದೂರದಲ್ಲಿ ನಿಂತು ನೋಡುತ್ತೇವೆ ಎನ್ನುವ ನೆಲೆ ತಾನೇ ಒಂದು ನಂಬಿಕೆಯ ನೆಲೆ, ಅದನ್ನು ತಟಸ್ಥವೆಂದು ಭಾವಿಸುವುದು ಭ್ರಮೆ ಎಂಬುದು ನ್ಯೂಬಿಗಿನ್ನರ ಆಕ್ಷೇಪದ ತಿರುಳು. ಇದನ್ನು ನಾವು ಒಪ್ಪುತ್ತೇವೆ. ಆದರೆ ಅವರನ್ನು ಉದ್ಧರಿಸುವ ನಮ್ಮವರು ಅಲ್ಲಿಯೇ ನಿಂತುಬಿಡುತ್ತಾರೆ. ‘ತಟಸ್ಥತೆ ಇಲ್ಲವೆಂದ ಮೇಲೆ ನಾವೂ ಧೈರ್ಯವಾಗಿ ಸಾರೋಣ’ ಎಂದು ಮುಗಿಸುತ್ತಾರೆ. ಇದು ಅವಸರದ ತೀರ್ಮಾನ. ಶಾಲೆ ತಟಸ್ಥವಲ್ಲ ಎಂಬುದು ನಿಜವಾದರೂ ಮಗುವಿನ ನಿರುಪಾಯ ಸ್ಥಿತಿ ಅದರಿಂದ ಕಡಿಮೆಯಾಗುವುದಿಲ್ಲ. ಇದೇ ನ್ಯೂಬಿಗಿನ್ನರು ತಾರುಣ್ಯದಲ್ಲಿ, ಇನ್ನೂ ಬಿಷಪರಾಗದಿದ್ದಾಗ, ಕಾಂಚೀಪುರದ ರಾಮಕೃಷ್ಣ ಮಠದ ಸನ್ಯಾಸಿಗಳೊಡನೆ ಕುಳಿತು ಉಪನಿಷತ್ತನ್ನೂ ಯೋಹಾನನ ಸುವಾರ್ತೆಯನ್ನೂ ಸರದಿಯಂತೆ ಓದುತ್ತಿದ್ದರು. ಅಲ್ಲಿ ಎರಡು ಕಡೆಯವರೂ ಬಲಿತವರು, ಎರಡು ಕಡೆಯವರೂ ಕೇಳಲೆಂದು ಬಂದವರು. ಶಾಲೆಯ ತರಗತಿ ಅಂಥ ಸ್ಥಳವಲ್ಲ.

ಇನ್ನೊಂದು ತೊಡಕು ಪ್ರತಿನಿಧಿತ್ವದ್ದು. ಕರೆಸಿದ ಒಬ್ಬ ವ್ಯಕ್ತಿ ಇಡೀ ಧರ್ಮದ ಮಾದರಿಯಾಗಿಬಿಡುತ್ತಾನೆ. ವಾರ್ವಿಕ್ ವಿಶ್ವವಿದ್ಯಾಲಯದ ರಾಬರ್ಟ್ ಜಾಕ್ಸನ್ ಕೊವೆಂಟ್ರಿಯ ಹಿಂದೂ ಮನೆಗಳ ಮಕ್ಕಳ ನಡುವೆ ಅಧ್ಯಯನ ನಡೆಸಿ, ಪಠ್ಯಪುಸ್ತಕದ ಅಚ್ಚುಕಟ್ಟಾದ ‘ಹಿಂದೂ ಧರ್ಮ’ಕ್ಕೂ ಮನೆಯೊಳಗಿನ ಆಚರಣೆಗೂ ಇರುವ ಅಂತರವನ್ನು ತೋರಿಸಿದರು. ವ್ಯಕ್ತಿ, ಅವನ ಗುಂಪು, ವಿಶಾಲ ಪರಂಪರೆ ಈ ಮೂರನ್ನೂ ಬೇರೆಬೇರೆಯಾಗಿ ಗಮನಿಸಬೇಕೆಂಬುದು ಅವರ ವಾದ. ಕನ್ನಡದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ನಿಂತಿದೆ. ಆ ನಗರದ ಶಾಲೆಯೊಂದರಲ್ಲಿ ಲಿಂಗಾಯತ ಮನೆಯ ಹುಡುಗಿಯೊಬ್ಬಳು ಕುಳಿತಿದ್ದಾಳೆ ಎಂದಿಟ್ಟುಕೊಳ್ಳೋಣ. ಮಂದಿರದಿಂದ ಬಂದ ಅತಿಥಿಯು ‘ಹಿಂದೂಗಳು ಗುಡಿಯಲ್ಲಿ ಮೂರ್ತಿಯನ್ನು ಹೀಗೆ ಪೂಜಿಸುತ್ತಾರೆ’ ಎಂದು ವಿವರಿಸುತ್ತಾರೆ. ಅವಳ ಅಜ್ಜಿ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸುವುದನ್ನು ಅವಳು ಕಂಡಿದ್ದಾಳೆ. ತರಗತಿಯ ಕಣ್ಣುಗಳೆಲ್ಲ ಅವಳತ್ತ ತಿರುಗಿದಾಗ ಆಕೆ ಏನು ಹೇಳಬೇಕು? ಅತಿಥಿ ತಪ್ಪು ಹೇಳಲಿಲ್ಲ. ತನ್ನದಲ್ಲದ ಮಾತನ್ನೂ ತನ್ನದರೊಂದಿಗೆ ಸೇರಿಸಿ ಹೇಳಿದರು, ಅಷ್ಟೆ. ಆ ಜಾಗದಲ್ಲಿ ‘ಕ್ರೈಸ್ತರು’ ಎಂಬ ಪದವನ್ನಿಟ್ಟು, ಮಂಗಳೂರಿನ ಒಬ್ಬ ಕಥೋಲಿಕ, ಒಬ್ಬ ಬಾಸೆಲ್ ಮಿಷನ್ ಪರಂಪರೆಯವ, ಒಬ್ಬ ಪೆಂತೆಕೊಸ್ತಿನವ ಮೂವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ನೋಡಿದರೆ ಸಾಕು.

ಹಾಗಾದರೆ ಅತಿಥಿ ಹೇಗೆ ಮಾತನಾಡಬೇಕು? ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯವು ನಿರೀಕ್ಷೆಗೆ ಆಧಾರ ಕೊಡುವ ಬಗ್ಗೆ ಹೇಳುವಾಗ ಸಾತ್ವಿಕತ್ವವನ್ನೂ ಭಯಭಕ್ತಿಯನ್ನೂ ಸೇರಿಸಿ ಹೇಳುತ್ತದೆಂಬುದನ್ನು ನಾವು ಪ್ರಸಂಗಗಳಲ್ಲಿ ಎತ್ತಿ ಆಡುತ್ತೇವೆ. ಅಲ್ಲಿನ ಕ್ರಮವನ್ನು ಮಾತ್ರ ಗಮನಿಸುವುದು ಅಪರೂಪ. ಮೊದಲು ಒಬ್ಬನು ಕೇಳುತ್ತಾನೆ, ಉತ್ತರ ಆಮೇಲೆ. ಅರಿಯೊಪಾಗದಲ್ಲಿಯೂ ಪೌಲನನ್ನು ಕರೆದೊಯ್ದವರು ಅಥೇನೆಯ ಜನ; ಅವನು ಹೇಳುವುದೇನೆಂದು ತಿಳಿಯುವ ಬಯಕೆ ಅವರಲ್ಲಿತ್ತು. ಶಾಲೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಕೇಳುವುದು ಮಗುವಲ್ಲ, ವೇಳಾಪಟ್ಟಿ. ಬುಧವಾರ ಮೂರನೆಯ ಪಿರಿಯಡ್ಡಿಗೆ ಅತಿಥಿ ಬರುತ್ತಾರೆ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಹೋಗುತ್ತಾರೆ. ಅಂಥ ಉತ್ತರ ಪ್ರಚಾರವಾಗಿ ಕೇಳಿಸುತ್ತದೆ, ಇಲ್ಲವೆ ಹಬ್ಬ, ಉಡುಪು, ತಿಂಡಿಗಳ ಪ್ರದರ್ಶನವಾಗುತ್ತದೆ. ಎರಡಕ್ಕೂ ಮೂಲ ಒಂದೇ. ಮಕ್ಕಳು ಕೆಲವು ವಾರ ಪಾಠ ಕಲಿತು, ತಮ್ಮ ಪ್ರಶ್ನೆಗಳನ್ನು ಬರೆದಿಟ್ಟು, ಅವಕ್ಕೆ ಉತ್ತರಿಸಲೆಂದೇ ಒಬ್ಬರನ್ನು ಕರೆದರೆ ಆ ವ್ಯಕ್ತಿ ‘ನಾನು’ ಎಂದು ಮಾತನಾಡಬಹುದು. ‘ನಾನು ಪ್ರಾರ್ಥಿಸುತ್ತೇನೆ, ಪ್ರಾರ್ಥಿಸಿದರೂ ನನ್ನ ತಂಗಿ ಗುಣವಾಗಲಿಲ್ಲ, ಆದರೂ ಪ್ರಾರ್ಥಿಸುತ್ತೇನೆ’ ಎನ್ನಬಹುದು. ಅದು ಯಾರನ್ನೂ ಒಪ್ಪಿಗೆಗೆ ಬಲವಂತಪಡಿಸುವುದಿಲ್ಲ, ಸತ್ಯವನ್ನೂ ತೆಳುವಾಗಿಸುವುದಿಲ್ಲ. ತರಗತಿಯ ಹೊಣೆಯು ಕೊನೆಯವರೆಗೂ ಶಿಕ್ಷಕರದ್ದೇ. ಅತಿಥಿ ಬಂದರೆಂದು ಅವರು ಹಿಂದಿನ ಬೆಂಚಿನಲ್ಲಿ ಕುಳಿತು ನೋಟ್‌ಬುಕ್ ತಿದ್ದುವಂತಿಲ್ಲ.

ಇದು ಇಂಗ್ಲೆಂಡಿನ ಮಾತು. ಇಲ್ಲಿನ ಕಾನೂನಿನ ಆವರಣ ಬೇರೆ. ಸಂವಿಧಾನದ 28ನೆಯ ವಿಧಿಯು ಸಂಪೂರ್ಣವಾಗಿ ರಾಜ್ಯದ ನಿಧಿಯಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಪೋಷಕರ ಸಮ್ಮತಿಯಿಲ್ಲದೆ ಮಗುವನ್ನು ಅಂಥ ಬೋಧನೆಗೆ ಕೂರಿಸುವಂತಿಲ್ಲ. ಧರ್ಮದ ಬೋಧನೆ ಬೇರೆ, ಧರ್ಮಗಳ ಕುರಿತ ತಿಳಿವಳಿಕೆ ಬೇರೆ ಎಂಬ ವಿವೇಚನೆಯನ್ನು 1964–66ರ ಕೊಠಾರಿ ಆಯೋಗ ಮಾಡಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಧರ್ಮಗಳ ಅಧ್ಯಯನವು 28ನೆಯ ವಿಧಿಗೆ ವಿರುದ್ಧವಲ್ಲವೆಂದಿತು. ಬಾಗಿಲು ಪೂರ್ತಿ ಮುಚ್ಚಿಲ್ಲ.

ಆದರೆ ನಮಗೆ ಹೆಚ್ಚು ಹತ್ತಿರದ ಪ್ರಶ್ನೆ ಸರ್ಕಾರಿ ಶಾಲೆಯದಲ್ಲ, ಸಭೆಯೇ ನಡೆಸುವ ಶಾಲೆಯದು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ಅನ್ಯಧರ್ಮದ ಮಕ್ಕಳು ನಮ್ಮ ಬೆಂಚುಗಳ ಮೇಲೆ ಕುಳಿತು ನಮ್ಮ ಮಾತನ್ನು ಕೇಳಿದ್ದಾರೆ. ನಮ್ಮ ಸಭಾಪಾಲಕರು ಕ್ರಿಸ್‌ಮಸ್ಸಿಗೆ ಬಂದು ಸಂದೇಶ ಕೊಡುತ್ತಾರೆ. ಊರಿನ ಮಠದ ಸ್ವಾಮಿಗಳನ್ನೋ ಮಸೀದಿಯ ಮೌಲವಿಗಳನ್ನೋ ಎಲ್ಲ ಮಕ್ಕಳ ಮುಂದೆ ಇದೇ ನಿಯಮದಡಿ ಮಾತನಾಡಲು ಕರೆಯೋಣವೆಂದರೆ ನಮ್ಮ ಆಡಳಿತ ಮಂಡಳಿಗಳಲ್ಲಿ ಎಷ್ಟು ಕೈಗಳು ಮೇಲೇಳುತ್ತವೆ? ಬೇರೆಯವರ ಶಾಲೆಯಲ್ಲಿ ನಾವು ಕೇಳುವ ಆತಿಥ್ಯವನ್ನು ನಮ್ಮ ಶಾಲೆಯಲ್ಲಿ ಕೊಡದಿರುವುದಕ್ಕೆ ನಾವು ಸಾಮಾನ್ಯವಾಗಿ ಮುಂದಿಡುವ ಕಾರಣ ಪೋಷಕರ ಆಕ್ಷೇಪ. ಆ ಆಕ್ಷೇಪ ಕ್ರಿಸ್‌ಮಸ್ ಸಂದೇಶಕ್ಕೂ ಇದ್ದಿರಬಹುದೆಂದು ನಾವು ಯಾವ ಪೋಷಕರನ್ನೂ ಕೇಳಿದಂತಿಲ್ಲ.

ಕಾಲೇಜುಗಳಲ್ಲಿ ಪ್ರಸಂಗಶಾಸ್ತ್ರವನ್ನು ಕಲಿಸುವವರಿಗೂ ಇಲ್ಲಿ ಒಂದು ಕೆಲಸವಿದೆ. ಇಪ್ಪತ್ತು ನಿಮಿಷದ ಪ್ರಸಂಗವನ್ನು ಸಿದ್ಧಪಡಿಸಲು ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತೇವೆ. ಹತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತು, ‘ನಮ್ಮ ಮನೆಯವರು ಯೇಸುವನ್ನು ನಂಬುವುದಿಲ್ಲ, ಅವರಿಗೆ ಏನಾಗುತ್ತದೆ?’ ಎಂದು ಕೇಳಿದಾಗ, ಅವನ ತಾಯಿ ಆ ಸಂಜೆ ಆ ಉತ್ತರವನ್ನು ಅವನ ಬಾಯಿಂದಲೇ ಕೇಳುವಳೆಂಬುದನ್ನು ನೆನಪಿಟ್ಟುಕೊಂಡು ಮೂರು ವಾಕ್ಯಗಳಲ್ಲಿ ಉತ್ತರಿಸುವ ಅಭ್ಯಾಸವನ್ನು ಯಾವ ಸೆಮಿಸ್ಟರಿನಲ್ಲಿ ಇಡಬೇಕೆಂಬುದು ಇನ್ನೂ ತೀರ್ಮಾನವಾಗಬೇಕಿದೆ.