‘ತಮ್ಮಾ, ಇದು ಜೋರ್ ಓಡ್ಲಾಕತ್ತದ’

ಹೋದ ದೀಪಾವಳಿಗೆ ಊರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಜಾಸ್ತಿ ಜಾಗ ಹಿಡಿದಿದ್ದು ಒಂದು ಪ್ಲಾಸ್ಟಿಕ್ ಹಲಗೆ. ಅದರ ಮೇಲೆ ಎರಡು ಜಾಯ್‌ಸ್ಟಿಕ್, ಪಕ್ಕದಲ್ಲಿ ಬಣ್ಣಬಣ್ಣದ ಬಟನ್ನು, ಹಿಂದೆ ಒಂದು ಎಚ್‌ಡಿಎಂಐ ವೈರು. ಟಿವಿಗೆ ಸಿಕ್ಕಿಸಿದರೆ ಆಯ್ತು, ಹತ್ತು ಸಾವಿರ ಹಳೇ ಆಟಗಳು ರೆಡಿ ಅಂತ ಡಬ್ಬದ ಮೇಲೆ ಬರೆದಿತ್ತು. ಹತ್ತು ಸಾವಿರ ಅನ್ನೋದನ್ನ ನಾನು ನಂಬಲಿಲ್ಲ. ನಮ್ಮ ಕಾಲದ ಕ್ಯಾಸೆಟ್ಟಿನ ಮೇಲೂ ‘9999 ಇನ್ 1’ ಅಂತ ಇರ್ತಿತ್ತು, ಒಳಗೆ ನೋಡಿದರೆ ಹತ್ತಿಪ್ಪತ್ತು ಆಟ. ಮಿಕ್ಕಿದ್ದೆಲ್ಲ ಅದೇ ಆಟಕ್ಕೆ ಬೇರೆ ಹೆಸರು, ಇಲ್ಲಾ ಅದೇ ಆಟ ಮೂರನೇ ಹಂತದಿಂದ ಶುರು. ಆ ವಿಷಯದಲ್ಲಿ ಮಾತ್ರ ಈ ಹಲಗೆ ಪರಂಪರೆಯನ್ನು ನಿಷ್ಠೆಯಿಂದ ಪಾಲಿಸಿದೆ.

ಈಗ ಬೆಂಗಳೂರಲ್ಲಿ ನಮ್ಮ ವಯಸ್ಸಿನವರ ಹತ್ತು ಮನೆಗೆ ಹೋದರೆ ಎರಡರಲ್ಲಾದರೂ ಇಂಥದ್ದೊಂದು ಟಿವಿ ಪಕ್ಕ ಕೂತಿರುತ್ತೆ. ‘ನಮ್ಮ ಬಾಲ್ಯ ವಾಪಸ್ ಬಂತು ಮಗಾ’ ಅಂತಾರೆ. ಇಂಥವು ಹೊಸದೇನಲ್ಲ. 2002ರಲ್ಲೇ ಜ್ಯಾಕ್ಸ್ ಪೆಸಿಫಿಕ್ ಅನ್ನೋ ಅಮೆರಿಕದ ಕಂಪನಿ, ಅಟಾರಿಯ ಹತ್ತು ಆಟಗಳನ್ನು ಒಂದು ಜಾಯ್‌ಸ್ಟಿಕ್ಕಿನ ಹೊಟ್ಟೆಯೊಳಗೇ ತುಂಬಿ, ಟಿವಿಗೆ ಸಿಕ್ಕಿಸಿ ಆಡಿ ಅಂತ ಮಾರಿತ್ತು. 2016ರಲ್ಲಿ ನಿಂಟೆಂಡೋ ತನ್ನದೇ ಹಳೇ ಪೆಟ್ಟಿಗೆಯನ್ನು ಅಂಗೈಯಷ್ಟು ಮಾಡಿ 30 ಆಟ ಹಾಕಿ ಬಿಡುಗಡೆ ಮಾಡಿತು. ನನ್ನ ಹಲಗೆ ಆ ಜಾತಿಯದೇ, ಆದರೆ ಲೈಸೆನ್ಸು ಗೀಸೆನ್ಸು ಇಲ್ಲದ್ದು. ಆನ್ ಮಾಡಿದ ಕೂಡಲೇ ‘ಇನ್ಸರ್ಟ್ ಕಾಯಿನ್’ ಅನ್ನುತ್ತೆ. ಕಾಯಿನ್ನಿಗೂ ಒಂದು ಬಟನ್ ಇದೆ, ಎಷ್ಟು ಸಲ ಬೇಕಾದರೂ ಒತ್ತಬಹುದು.

ನನಗೆ ತಕರಾರು ಶುರುವಾಗಿದ್ದು ಈ ಕಾಯಿನ್ನಿನಿಂದಲೇ. ಇದು ಯಾರ ಬಾಲ್ಯ? ಬೀದರಿನಿಂದ ಬಸ್ಸಿನಲ್ಲಿ ಹೋಗಬೇಕಾದ ಬಗದಲ್‌ನಲ್ಲಿ ಕಾಯಿನ್ ಹಾಕುವ ಆಳೆತ್ತರದ ಮಷೀನನ್ನು ನಾವ್ಯಾರೂ ನೋಡಿರಲಿಲ್ಲ. ನಾನು ಅಂಥದ್ದನ್ನು ಮೊದಲ ಸಲ ಮುಟ್ಟಿದ್ದು ಕೆಲಸಕ್ಕೆ ಸೇರಿದ ಮೇಲೆ, ಬೆಂಗಳೂರಿನ ಒಂದು ಮಾಲ್‌ನಲ್ಲಿ. ನಮ್ಮೂರಲ್ಲಿದ್ದದ್ದು ಸೈಕಲ್ ಅಂಗಡಿ ಚಾಚಾ ಒಬ್ಬರು. ಅಂಗಡಿಯ ಹಿಂದಿನ ಖೋಲಿಯಲ್ಲಿ ಒಂದು ಸಣ್ಣ ಬ್ಲ್ಯಾಕ್ ಅಂಡ್ ವೈಟ್ ಟಿವಿ, ಅದರ ಆಂಟೆನಾ ತೂತಿಗೆ ವೈರು ಸಿಕ್ಕಿಸಿದ, ಹೆಸರು ಅಳಿಸಿಹೋಗಿದ್ದ ಒಂದು ವಿಡಿಯೋ ಗೇಮ್ ಪೆಟ್ಟಿಗೆ. ಅದು 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್‌ನ ನಕಲು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಹತ್ತು ನಿಮಿಷಕ್ಕೆ ಒಂದು ರೂಪಾಯಿ. ಚಾಚಾ ಗಡಿಯಾರ ನೋಡ್ತಿದ್ದರೇ ಹೊರತು ನಾವು ಎಷ್ಟು ಸಲ ಸತ್ವಿ ಅಂತ ನೋಡ್ತಿರಲಿಲ್ಲ.

ಇದು ಸಣ್ಣ ವ್ಯತ್ಯಾಸ ಅಲ್ಲ. ಆರ್ಕೇಡ್ ಆಟಗಳನ್ನು ಮಾಡಿದವರು ಕಾಯಿನ್ ಲೆಕ್ಕ ಇಟ್ಟುಕೊಂಡೇ ಮಾಡಿದ್ದು. ಆಡುವವ ಬೇಗ ಸಾಯಬೇಕು, ಆದರೆ ಸಿಟ್ಟಾಗಿ ಎದ್ದುಹೋಗಬಾರದು. ನಮ್ಮಲ್ಲಿ ರೊಕ್ಕ ಕೊಡೋದು ಸಾವಿಗಲ್ಲ, ನಿಮಿಷಕ್ಕೆ. ಹಾಗಾಗಿ ಸಾವಿನ ನಿಯಮ ನಾವೇ ಮಾಡಿಕೊಂಡಿದ್ವಿ: ಸತ್ತರೆ ರಿಮೋಟ್ ಕೊಡಬೇಕು. (ಕಂಟ್ರೋಲರ್ ಅನ್ನೋ ಪದ ಆಗ ಯಾರಿಗೆ ಗೊತ್ತಿತ್ತು, ಅದೂ ರಿಮೋಟೇ.) ಒಂದು ರೂಪಾಯಿಗೆ ನಾಲ್ಕು ಹುಡುಗರು ಪಾಲುದಾರರು. ಚೆನ್ನಾಗಿ ಆಡುವವ ಜಾಸ್ತಿ ಹೊತ್ತು ಆಡ್ತಿದ್ದ, ಹೊಸಬನಿಗೆ ಎರಡೇ ನಿಮಿಷ. ಅನ್ಯಾಯವೇ. ಆದರೆ ಅದಕ್ಕೇ ಪ್ರತಿ ಜಿಗಿತಕ್ಕೂ ಒಂದು ತೂಕ ಇರ್ತಿತ್ತು.

ಇನ್ನು ಹಲಗೆಯ ವಿಷಯ. ಊರಿಗೆ ಒಯ್ಯುವ ಮೊದಲು ಫ್ಲ್ಯಾಟಿನಲ್ಲಿ ಎರಡು ವಾರ ಆಡಿದೆ. ಸ್ಪೇಸ್ ಇನ್‌ವೇಡರ್ಸ್ ಚೆನ್ನಾಗಿದೆ. 1978ರ ಈ ಆಟದಲ್ಲಿ 55 ವೈರಿಗಳು ಸಾಲಾಗಿ ನಿಂತಿರ್ತಾರೆ, ಕೊಲ್ಲುತ್ತಾ ಹೋದಂತೆ ಉಳಿದವರು ಜೋರು ಆಗ್ತಾರೆ. ಅದು ಯಾರೋ ಕೂತು ಹೆಣೆದ ನಿಯಮ ಅಲ್ಲ. ಅಷ್ಟು ವೈರಿಗಳನ್ನು ಒಟ್ಟಿಗೆ ಸರಿಸುವ ಶಕ್ತಿ ಆ ಚಿಪ್‌ಗೆ ಇರಲಿಲ್ಲ, ಸಂಖ್ಯೆ ಕಮ್ಮಿ ಆದಾಗ ತಾನಾಗಿ ವೇಗ ಬಂತು, ಮಾಡಿದ ತೊಮೊಹಿರೊ ನಿಶಿಕಾಡೊ ಅದನ್ನ ಹಾಗೇ ಬಿಟ್ಟರು. ನಮ್ಮ ಆಫೀಸಿನಲ್ಲಾದರೆ ಬಗ್ ಅಂತ ಟಿಕೆಟ್ ಹಾಕಿರೋರು. ಯಂತ್ರದ ಮಿತಿಯೇ ಆಟದ ರುಚಿ ಆಗಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. ಈ ಮಾತು ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಪ್ಯಾಕ್‌ಮ್ಯಾನ್ ಮಾತ್ರ ಈ ಹಲಗೆಯಲ್ಲಿ ಹಾಳಾಗಿದೆ. ಮೂಲ ಮಷೀನಿನ ಜಾಯ್‌ಸ್ಟಿಕ್ ನಾಲ್ಕೇ ದಿಕ್ಕಿಗೆ ಹೋಗ್ತಿತ್ತು, ಇದು ಎಂಟು ದಿಕ್ಕಿಗೆ ಹೋಗುತ್ತೆ. ಓಣಿಯ ತಿರುವಿನಲ್ಲಿ ಕೈ ಸ್ವಲ್ಪ ಓರೆ ಆದರೆ ಪ್ಯಾಕ್‌ಮ್ಯಾನ್ ತಿರುಗೋದೇ ಇಲ್ಲ, ನೆಟ್ಟಗೆ ಭೂತದ ಬಾಯಿಗೆ. ಡಕ್ ಹಂಟ್ ಇನ್ನೂ ಮಜಾ. ಪಟ್ಟಿಯಲ್ಲಿ ಆಟ ಇದೆ, ಬಂದೂಕು ಇಲ್ಲ! ಇದ್ದರೂ ಈಗಿನ ಟಿವಿಯಲ್ಲಿ ನಡೆಯಲ್ಲ. ಆ ಬಂದೂಕು ಹಳೇ ಪಿಕ್ಚರ್ ಟ್ಯೂಬಿನ ಬೆಳಕು ಮೂಡುವ ಗಳಿಗೆಯನ್ನು ನಂಬಿಕೊಂಡದ್ದು. ಬಾತುಕೋಳಿಗಳು ಹಾರುತ್ತವೆ, ನೀವು ನೋಡ್ತಾ ಕೂರಬಹುದು.

ಜೊತೆಗೆ ತಡ. ಬಟನ್ ಒತ್ತಿದ್ದಕ್ಕೂ ಮಾರಿಯೋ ಜಿಗಿಯೋದಕ್ಕೂ ನಡುವೆ ಏನೋ ಒಂದು ಎಳೆತ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರದ ಲೆಕ್ಕದಲ್ಲಿ ಹಿಡಿದು ಎಣಿಸಿದೆ. ಬೆರಳು ಕೆಳಗೆ ಹೋಗಿ ಮಾರಿಯೋ ಏಳುವಷ್ಟರಲ್ಲಿ 30 ಚಿತ್ರ ದಾಟಿತ್ತು, ಅಂದರೆ ಸೆಕೆಂಡಿನ ಎಂಟನೇ ಒಂದು ಪಾಲು. ಟಿವಿಯನ್ನು ಗೇಮ್ ಮೋಡಿಗೆ ಹಾಕಿದ ಮೇಲೆ ಅರ್ಧ ಕಮ್ಮಿ ಆಯ್ತು. ಈ ಹಲಗೆ ಇರುವವರು ಮೊದಲು ಆ ಕೆಲಸ ಮಾಡಿ.

ಇಷ್ಟೆಲ್ಲ ಅಳೆದು, ಎಣಿಸಿ, ಇಂಜಿನಿಯರ್ ಅನ್ನೋ ಗತ್ತಿನಲ್ಲೇ ಊರಿಗೆ ಒಯ್ದೆ. ಪಡಸಾಲೆಯಲ್ಲಿ ಸೋಯಾ ಚೀಲಗಳು, ಅವುಗಳ ಮಧ್ಯೆ ಜಾಗ ಮಾಡಿಕೊಂಡು ಅಣ್ಣ, ನಾನು, ಅಣ್ಣನ ಮಗ ಕೂತ್ವಿ. ಮಾರಿಯೋ ಹಾಕಿದೆ. ಅಣ್ಣ ಆಡಲೂ ಇಲ್ಲ, ಆಟ ಶುರುವಾಗಿ ನಾಲ್ಕು ಸೆಕೆಂಡ್ ಹಾಡು ಕೇಳಿದವನೇ ಅಂದ: ‘ತಮ್ಮಾ, ಇದು ಜೋರ್ ಓಡ್ಲಾಕತ್ತದ.’

‘ಇಲ್ಲೋ ಅಣ್ಣಾ, ಇದೇ ಅಸಲಿ ಸ್ಪೀಡು. ವಯಸ್ಸಾಗ್ಯದ ನಿನಗ.’

‘ವಯಸ್ಸಿಗಿ ಏನ್ ಮಾಡ್ತಿ, ಹಾಡ್ ಜೋರ್ ಬರ್ಲಾಕತ್ತದ ಅಂದ್ರ ಬರ್ಲಾಕತ್ತದ.’

ಬೆಂಗಳೂರಿಗೆ ವಾಪಸ್ ಬಂದು ಕೂತು ನೋಡಿದಾಗ ಗೊತ್ತಾಯ್ತು, ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೀತಿತ್ತು. ನಮ್ಮದು ಪಾಲ್ ಪದ್ಧತಿ, ಸೆಕೆಂಡಿಗೆ 50. ನಮ್ಮಂಥ ದೇಶಗಳ ಟಿವಿಗೆ ಹೊಂದುವ ಹಾಗೆ ಮಾಡಿದ ನಕಲು ಪೆಟ್ಟಿಗೆಗಳು ಅದೇ ಜಪಾನಿ ಆಟವನ್ನು 50ರಲ್ಲಿ ಓಡಿಸ್ತಿದ್ವು. ಆಟದ ಒಳಗಿನ ಎಲ್ಲ ಲೆಕ್ಕವೂ ಚಿತ್ರದ ಎಣಿಕೆ ಮೇಲೇ ನಿಂತಿರೋದರಿಂದ ಎಲ್ಲವೂ ಆರರಲ್ಲಿ ಐದು ಪಾಲಿನ ವೇಗಕ್ಕೆ ಇಳೀತಿತ್ತು. ಮಾರಿಯೋದ ಮೂಲೆಯಲ್ಲಿ 400 ಅಂತ ಟೈಮ್ ಇರುತ್ತಲ್ಲ, ಅದು ಸೆಕೆಂಡ್ ಅಲ್ಲ. 24 ಚಿತ್ರಕ್ಕೆ ಒಂದೊಂದು ಇಳಿಯುತ್ತೆ. ಜಪಾನಿನ ಹುಡುಗನಿಗೆ ಆ 400 ಅಂದರೆ 160 ಸೆಕೆಂಡ್, ಬಗದಲ್‌ನ ಹುಡುಗನಿಗೆ 192. ಸ್ವರ ಹೆಚ್ಚುಕಮ್ಮಿ ಅದೇ, ಲಯ ಮಾತ್ರ ನಿಧಾನ. ಅಣ್ಣ ಹಿಡಿದಿದ್ದು ಆ ಲಯವನ್ನು. ನನ್ನ ಸ್ಲೋ ಮೋಷನ್ ವಿಡಿಯೋಗೆ ಅದು ಸಿಕ್ಕಿರಲಿಲ್ಲ, ಯಾಕಂದರೆ ನಾನು ಹುಡುಕಿರಲೇ ಇಲ್ಲ. ಮೂಲ ಅಂದ ಮೇಲೆ ಮೂಲ ಸರಿಯೇ ಇರುತ್ತೆ ಅಂದುಕೊಂಡಿದ್ದೆ.

ಬಣ್ಣದ ಕಥೆಯೂ ಹೀಗೇ. ಪ್ಯಾಕ್‌ಮ್ಯಾನ್‌ನಲ್ಲಿ ನಾಲ್ಕು ಭೂತ, ನಾಲ್ಕು ಬಣ್ಣ, ನಾಲ್ಕು ಬುದ್ಧಿ. ಕೆಂಪಿನದು ನೇರ ಬೆನ್ನಟ್ಟುತ್ತೆ, ಗುಲಾಬಿಯದು ನೀವು ಹೋಗಲಿರುವ ಕಡೆ ನಾಲ್ಕು ಮನೆ ಮುಂದೆ ಗುರಿ ಇಡುತ್ತೆ, ಕಿತ್ತಳೆ ಬಣ್ಣದ್ದು ಹತ್ತಿರ ಬಂದ ಕೂಡಲೇ ಹೆದರಿ ತನ್ನ ಮೂಲೆಗೆ ಓಡುತ್ತೆ. ಬಣ್ಣ ನೋಡಿ ಬುದ್ಧಿ ತಿಳೀಬೇಕು ಅನ್ನೋದು ಆಟದ ಕರಾರು. ಚಾಚಾನ ಟಿವಿಯಲ್ಲಿ ನಾಲ್ಕೂ ಬೂದಿ ಬಣ್ಣ! ನಾವು ಅವುಗಳ ನಡತೆ ನೋಡಿಯೇ ಗುರುತು ಹಿಡೀತಿದ್ವಿ. ಓಡಿಹೋಗುವ ಭೂತಕ್ಕೆ ನಮ್ಮಲ್ಲಿ ‘ಅಂಜುಬುರಕ’ ಅಂತ ಹೆಸರಿತ್ತು. ಇದು ಇನ್ನೂ ಕಷ್ಟದ ಆಟ, ನನ್ನ ಪ್ರಕಾರ ಇನ್ನೂ ಒಳ್ಳೇ ಆಟ. ಸ್ಪೇಸ್ ಇನ್‌ವೇಡರ್ಸ್‌ಗೆ ಚಿಪ್ಪಿನ ಮಿತಿ ಏನು ಮಾಡಿತೋ, ನಮ್ಮ ಮಾರಿಯೋ, ಪ್ಯಾಕ್‌ಮ್ಯಾನ್‌ಗೆ ನಮ್ಮೂರಿನ ಟಿವಿ ಅದನ್ನೇ ಮಾಡಿತ್ತು. ಒಂದನ್ನು ಆಟದ ಭಾಗ ಅಂತ ಜೋಪಾನ ಮಾಡ್ತಾರೆ, ಇನ್ನೊಂದನ್ನು ದೋಷ ಅಂತ ತೊಳೆದು ಹಾಕ್ತಾರೆ.

ಕಾಂಟ್ರಾ ಆಡಿದವರಿಗೆ ಮೂರನೇ ಹಂತದ ಜಲಪಾತ ನೆನಪಿರಲೇಬೇಕು. ಮೊದಲ ಹಂತದಲ್ಲಿ ಬಲಕ್ಕೆ ಓಡಿದವರು ಇಲ್ಲಿ ಮೇಲಕ್ಕೆ ಹತ್ತಬೇಕು. ಬಂಡೆ ಉರುಳುತ್ತವೆ, ಹಲಗೆಗಳು ಅಲ್ಲಾಡುತ್ತವೆ. ಪರದೆ ಮೇಲೆ ಮಾತ್ರ ಸರಿಯುತ್ತೆ, ಕೆಳಗೆ ಬರಲ್ಲ. ಇಬ್ಬರು ಆಡುವಾಗ ಮೇಲಿದ್ದವನ ಜೊತೆ ಪರದೆ ಹೋಗುತ್ತೆ, ಕೆಳಗುಳಿದವನ ಕಾಲಡಿಯ ನೆಲ ಪರದೆಯಿಂದ ಆಚೆ ಹೋಗಿ ಅವನು ಸಾಯುತ್ತಾನೆ. ಗುಂಡು ಬೇಡ, ವೈರಿ ಬೇಡ, ಜೊತೆಗಾರ ಅವಸರ ಮಾಡಿದರೆ ಸಾಕು. ಇಡೀ ಎಂಟು ಹಂತದಲ್ಲಿ ಇದೇ ಶ್ರೇಷ್ಠ ಅಂತ ನನ್ನ ವಾದ. ಮಿಕ್ಕ ಕಡೆ ಇಬ್ಬರು ಅಕ್ಕಪಕ್ಕ ಆಡ್ತಾರೆ, ಇಲ್ಲಿ ಮಾತ್ರ ಒಟ್ಟಿಗೆ ಆಡಲೇಬೇಕು.

ಒಬ್ಬನ ಪ್ಯಾಂಟು ನೀಲಿ, ಇನ್ನೊಬ್ಬನದು ಕೆಂಪು. ನಮಗೆ ಇಬ್ಬರೂ ಬೂದಿ. ಯಾರು ಯಾರು ಅಂತ ಗೊತ್ತಾಗಲು ಮಾತಾಡಲೇಬೇಕಿತ್ತು. ‘ನಾ ಹಾರ್ತೀನಿ, ನೀ ನಿಂದ್ರು.’ ‘ಹಾಂ, ಈಗ ಬಾ.’ ಅಣ್ಣನದು ಮೊದಲಿಂದಲೂ ನನಗಿಂತ ಚುರುಕು ಕೈ. ಆದರೆ ಜಲಪಾತದಲ್ಲಿ ಅವನು ಒಂದು ಮೆಟ್ಟಿಲು ಮೇಲೆ ಹೋಗಿ ನಿಲ್ತಿದ್ದ. ಬಂಡೆ ಬಂದರೂ ನಿಲ್ತಿದ್ದ. ನಾನು ಮೂರೂ ಲೈಫ್ ಕಳಕೊಂಡ ಮೇಲೆ ತಾನೇ ಬೇಕಂತ ಬಿದ್ದು ಮತ್ತೆ ಮೊದಲಿಂದ ಶುರು ಮಾಡಿದ್ದೂ ಇದೆ. ಹತ್ತನೇ ಕ್ಲಾಸ್ ಆದಮೇಲೆ ಅವನು ಹೊಲಕ್ಕೆ ನಿಂತ, ನಾನು ಪಿಯುಸಿಗೆ ಬೀದರ್‌ಗೆ, ಆಮೇಲೆ ಬಿಇಗೆ. ಇಬ್ಬರನ್ನೂ ಓದಿಸುವ ತಾಕತ್ತು ಮನೆಗೆ ಇರಲಿಲ್ಲ.

ದೀಪಾವಳಿಯ ರಾತ್ರಿ ಜಲಪಾತಕ್ಕೆ ಬಂದಾಗ ನಾನು ಆ ಎರಡು ವಾರದ ಪ್ರಾಕ್ಟೀಸಿನ ಜೋರಿನಲ್ಲಿ ಹತ್ತಿಬಿಟ್ಟೆ. ಹೊಸ ವೇಗಕ್ಕೆ ನನ್ನ ಕೈ ಒಗ್ಗಿತ್ತು, ಅವನದು ಒಗ್ಗಿರಲಿಲ್ಲ. ಎರಡು ಸಲ ಕೆಳಗುಳಿದು ಸತ್ತ. ಏನೂ ಅನ್ನಲಿಲ್ಲ, ನಕ್ಕ. ಮೂರನೇ ಸಲಕ್ಕೆ ನಾನೇ ಗಡಿಬಿಡಿಯಲ್ಲಿ ಮೆನು ತೆಗೆದು ‘ತಡಿ ಅಣ್ಣಾ, ಇದರಾಗ ಸೇವ್ ಅದ, ಸತ್ತಲ್ಲಿಂದನೇ ಮತ್ತ ಶುರು ಮಾಡಬಹುದು’ ಅಂದೆ. ಅವನು ಜಾಯ್‌ಸ್ಟಿಕ್ ಮಗನ ಕೈಗೆ ಕೊಟ್ಟು ಎದ್ದ. ನಮ್ಮ ಹಳೇ ನಿಯಮ ಅದೇ ತಾನೆ, ಸತ್ತರೆ ಕೊಡಬೇಕು.

ಈ ಸೇವ್ ಸೌಲಭ್ಯವನ್ನು ಎಲ್ಲರೂ ಹೊಗಳ್ತಾರೆ. ಒಬ್ಬರೇ ಆಡುವಾಗ, ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಅರ್ಧ ಗಂಟೆ ಸಿಕ್ಕಾಗ, ನನಗೂ ಬೇಕು, ಸುಳ್ಳು ಯಾಕೆ. ಆದರೆ ಜಲಪಾತದಲ್ಲಿ ಅದು ಕಾಯುವ ಕೆಲಸವನ್ನೇ ಇಲ್ಲವಾಗಿಸುತ್ತೆ. ಕೆಳಗಿನವನು ಸತ್ತರೂ ಖರ್ಚಿಲ್ಲ ಅಂದಮೇಲೆ ಮೇಲಿನವನು ಯಾಕೆ ನಿಲ್ಲಬೇಕು?

ಆಮೇಲೆ ಹುಡುಕ್ತಾ ಹೋದಾಗ ಒಂದು ವಿಷಯ ಸಿಕ್ತು. ಕಂಪ್ಯೂಟರಿನಲ್ಲಿ ಈ ಆಟಗಳನ್ನು ಓಡಿಸುವ ಮೆಸೆನ್, ಎಫ್‌ಸಿಇಯುಎಕ್ಸ್ ಥರದ ಎಮ್ಯುಲೇಟರ್‌ಗಳ ಮೆನುವಿನಲ್ಲಿ ಮೂರು ಆಯ್ಕೆ ಇವೆ: ಎನ್‌ಟಿಎಸ್‌ಸಿ, ಪಾಲ್, ಡೆಂಡಿ. ಡೆಂಡಿ ಅಂದರೆ 1992ರ ಕೊನೆಗೆ ರಷ್ಯಾದಲ್ಲಿ ಮಾರಾಟಕ್ಕೆ ಬಂದ ಒಂದು ನಕಲು ಪೆಟ್ಟಿಗೆಯ ಹೆಸರು. ಆ ಆಯ್ಕೆ ಒತ್ತಿದರೆ ಆಟ ನಕಲು ಪೆಟ್ಟಿಗೆಯ 50ರ ವೇಗದಲ್ಲೇ ಓಡುತ್ತೆ. ರಷ್ಯಾದ ಹುಡುಗರ ಬಾಲ್ಯಕ್ಕೆ ಮೆನುವಿನಲ್ಲಿ ಒಂದು ಸಾಲು ಸಿಕ್ಕಿದೆ, ಯಾಕಂದರೆ ಅಲ್ಲಿ ಯಾರೋ ನಮ್ಮದು ಬೇರೆ ಅಂತ ಅಳೆದು, ಬರೆದು, ಕೋಡ್ ಮಾಡಿದರು. ಇಲ್ಲಿ ಕೋಡ್ ಬರೆಯುವವರು ಕಮ್ಮಿಯೇ? ನಾವು ಮಾತ್ರ ಕಾಯಿನ್ ಬಟನ್ ಒತ್ತಿ ಅಮೆರಿಕದವರ ನೆನಪನ್ನು ನಮ್ಮದು ಅಂತ ಸ್ಟೇಟಸ್ ಹಾಕ್ತಿದೀವಿ. ನನ್ನನ್ನೂ ಸೇರಿಸಿಯೇ ಹೇಳ್ತಿದೀನಿ.

ಹಲಗೆ ಕೊಳ್ಳಬೇಕಾ ಅಂದರೆ, ಎರಡು ಸಾವಿರದೊಳಗೆ ಸಿಕ್ಕರೆ, ಮನೆಯಲ್ಲಿ ಜೊತೆಗೆ ಆಡೋಕೆ ಒಬ್ಬರಾದರೂ ಇದ್ದರೆ, ಕೊಳ್ಳಿ. ಜಾಯ್‌ಸ್ಟಿಕ್ ಗಟ್ಟಿಯಾಗಿದೆ. ಅಣ್ಣನ ಮಗ ರೋಡ್ ಫೈಟರ್ ಬಿಟ್ಟು ಬೇರೇನೂ ಆಡಲ್ಲ, ಅವನಿಗೆ ಆ ವೇಗವೇ ಸರಿ.

ಎಳ್ಳಮಾವಾಸಿಗೆ ಮತ್ತೆ ಊರಿಗೆ ಹೋಗಿದ್ದೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು, ಸಂಜೆ ಲ್ಯಾಪ್‌ಟಾಪನ್ನು ಟಿವಿಗೆ ಹಚ್ಚಿದೆ. ಡೆಂಡಿ ಆಯ್ಕೆ, ಟಿವಿಗೆ ಹೋಗುವ ಚಿತ್ರವೂ ಸೆಕೆಂಡಿಗೆ 50, ಬಣ್ಣ ಪೂರ್ತಿ ತೆಗೆದೆ. ಅಣ್ಣ ಒಳಗೆ ಎತ್ತಿಗೆ ಮೇವು ಹಾಕ್ತಿದ್ದ. ಏನೂ ಹೇಳದೆ ಮಾರಿಯೋ ಶುರು ಮಾಡಿ ಸೌಂಡ್ ಜಾಸ್ತಿ ಮಾಡಿದೆ. ಮೇವಿನ ಸದ್ದು ನಿಂತಿತು.

‘ಹಾಂ, ಇದ್ ನಮ್ದು,’ ಅಂದ ಒಳಗಿಂದಲೇ. ‘ಕಾಂಟ್ರಾ ಹಾಕು, ಬಂದೆ.’